ಮೊದಲನೇ ಆಟ ಜವಳಗೇರಾದಲ್ಲಿ ಆಗಿದೆ

ಮಾನ್ಯ ಓದುಗರೇ,

ವಿಷಯ: ಮೂರು ಊರಿನ ಗೆಳೆಯರು ಕೂಡಿ ತೆಗೆದ ಒಂದು ಸಣ್ಣ ಸಿನಿಮಾವನ್ನು ಮೊದಲು ಯಾರಿಗೆ ತೋರಿಸಲಾಯಿತು ಎಂಬ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಬರುವ ಮುನ್ನ, ಈ ಬರಹದಲ್ಲಿ ಕಂಡುಬರಬಹುದಾದ ಕಾಗುಣಿತದ ದೋಷಗಳಿಗಾಗಿಯೂ ನನ್ನ ಅಕ್ಷರಗಳ ಅಂದಗೇಡಿತನಕ್ಕಾಗಿಯೂ ತಮ್ಮ ಕ್ಷಮೆಯನ್ನು ಕೋರುತ್ತೇನೆ. ಲಿಂಗಸುಗೂರಿನಲ್ಲಿ ತಾಲ್ಲೂಕು ಕಚೇರಿಯ ಎದುರು ನನ್ನದೊಂದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ಪಹಣಿ ತಿದ್ದುಪಡಿ, ವಿಧವಾ ವೇತನ, ಜಾತಿ ಪ್ರಮಾಣಪತ್ರ, ಹೊಲದ ದಾರಿಯ ತಕರಾರು ಹೀಗೆ ಯಾವ ಅರ್ಜಿಯಾದರೂ ಸರಿ, ಜನ ನಿಂತು ಹೇಳುತ್ತಾರೆ, ನಾನು ಕುಳಿತು ಟೈಪು ಮಾಡುತ್ತೇನೆ, ಕೆಳಗೆ ಅವರು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕುತ್ತಾರೆ. ಅನೇಕ ವರ್ಷಗಳಿಂದ ಇದೇ ನಡೆದಿರುವುದರಿಂದ ಬೆರಳುಗಳು ಪೆನ್ನನ್ನು ಮರೆತಿವೆ. ಇದನ್ನೂ ಟೈಪು ಮಾಡಲೆಂದೇ ಕುಳಿತಿದ್ದೆ. ಆದರೆ ಕೀಲಿಮಣೆಯ ಮೇಲೆ ಕೈಯಿಟ್ಟೊಡನೆ, ‘ಬಡವಳಾದ ನಾನು ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ’ ಎಂಬ ಸಾಲು ತಾನಾಗಿಯೇ ಪರದೆಯ ಮೇಲೆ ಮೂಡಿತು. ನಾನು ಇಲ್ಲಿ ಏನನ್ನೂ ಬೇಡಿಕೊಳ್ಳಲು ಬಂದಿಲ್ಲ. ಆದ್ದರಿಂದ ಕಂಪ್ಯೂಟರನ್ನು ಆರಿಸಿ ಪೆನ್ನು ಹಿಡಿದಿದ್ದೇನೆ.

ನಮ್ಮ ಸಿನಿಮಾ ಕೂಟಕ್ಕೆ ನಾನು ಸೇರಿದ್ದು ಹೀಗೆ. ಮಸ್ಕಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ಹಿರಿಯರೊಬ್ಬರು ಒಂದು ದಿನ ನನ್ನ ಅಂಗಡಿಗೆ ಬಂದು, ಪ್ರತಿ ಭಾನುವಾರ ಸಿನಿಮಾ ತೋರಿಸುವ ವಿಚಾರವಾಗಿ ಒಂದು ಪ್ರಕಟಣೆ ಟೈಪು ಮಾಡಿಕೊಡಲು ಕೇಳಿದರು. ನಾನು ರೂಢಿಯಂತೆ, ‘ತಮ್ಮ ಘನ ಉಪಸ್ಥಿತಿಯನ್ನು ಪ್ರಾರ್ಥಿಸಲಾಗಿದೆ’ ಎಂದು ಮುಗಿಸಿ ಮುದ್ರಿಸಿ ಕೊಟ್ಟೆ. ಅವರು ಓದಿ ನಕ್ಕರು.

“ಅಕ್ಕಾರ, ಇದು ಸತ್ತವರ ದಿನದ ಕಾರ್ಡಲ್ರಿ, ಸಿನಿಮಾ ಐತಿ.”

“ಮತ್ತೇನಂತ ಬರೀಲ್ರಿ?”

“ಬರ್ರಿ ಅಂತ ಬರೀರಿ, ಸಾಕು.”

“ಬರೇ ಬರ್ರಿ ಅಂದ್ರ ಯಾರ ಬರ್ತಾರ್ರಿ?”

“ನೀವ ಬರ್ರಲ, ನೋಡೂಣು.”

ಹೋದೆ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸು ಮಸ್ಕಿಯಲ್ಲಿ ಜನರನ್ನು ಇಳಿಸಿ ಹತ್ತಿಸಿಕೊಳ್ಳುವಷ್ಟರಲ್ಲಿ ಆ ಕಡೆಯಿಂದ ಬಂದ ಬಸ್ಸೂ ಅಲ್ಲಿಯೇ ನಿಂತಿರುತ್ತದೆ. ಸಿಂಧನೂರಿನವರಿಗೂ ನಮಗೂ ಮಸ್ಕಿ ನಟ್ಟನಡುವೆ ಬೀಳುವುದರಿಂದ ಕೂಟ ಸೇರುವುದು ಅಲ್ಲಿಯೇ, ಸ್ಟುಡಿಯೋದ ಮೇಲಿನ ಕೋಣೆಯಲ್ಲಿ. ಪಾಸ್‌ಪೋರ್ಟ್ ಫೋಟೋಕ್ಕೆ ಕೂರಿಸುವ ಸ್ಟೂಲುಗಳೇ ನಮ್ಮ ಕುರ್ಚಿಗಳು. ಹೊಸ ಜೋಡಿಗಳ ಫೋಟೋಕ್ಕೆಂದು ಬರೆಸಿದ ಒಂದು ದೊಡ್ಡ ಪರದೆ ಅಲ್ಲಿತ್ತು. ಅದರ ಮೇಲೆ ನೀಲಿ ಬಣ್ಣದ ಜಲಪಾತ. ಅದನ್ನು ತಿರುಗಿಸಿ ಹಿಂಬದಿಯ ಬಿಳಿಯ ಮೇಲೆ ನಾವು ಸಿನಿಮಾ ನೋಡುತ್ತಿದ್ದೆವು. ದೀಪ ಸರಿಯಾಗಿ ಆರಿಸದಿದ್ದರೆ ಯಾವ ದೇಶದ ಸಿನಿಮಾವಾದರೂ ಅದರ ಹಿಂದಿನಿಂದ ನಮ್ಮ ಜಲಪಾತ ನಸುವಾಗಿ ಕಾಣುತ್ತಿತ್ತು.

ಅಲ್ಲಿಯೇ ನನಗೆ ಸಿಂಧನೂರಿನ ಗೆಳತಿ ಸಿಕ್ಕಿದ್ದು. ಆಕೆ ತನ್ನ ಅಣ್ಣನ ಅಕ್ಕಿ ಗಿರಣಿಯ ಕಚೇರಿಯಲ್ಲಿ ಬಿಲ್ಲು ಬರೆಯುತ್ತಾಳೆ. ನನಗಿಂತ ಬಹಳ ಚಿಕ್ಕವಳು, ನನಗಿಂತ ಬಹಳ ಬಾಯಿಯುಳ್ಳವಳು. ಗಿರಣಿಯ ಸದ್ದಿನಲ್ಲಿ ಬೆಳೆದವಳಾದ್ದರಿಂದ ಮೆಲ್ಲಗೆ ಮಾತನಾಡುವುದು ಆಕೆಗೆ ಗೊತ್ತಿಲ್ಲ. ಯಾರಿಂದಲೂ ಕಲಿಯದೆ, ಫೋನಿನಲ್ಲಿಯೇ ದೃಶ್ಯಗಳನ್ನು ಕತ್ತರಿಸಿ ಜೋಡಿಸುವುದನ್ನು ರೂಢಿಸಿಕೊಂಡಿದ್ದಳು. ಮೊದಲ ದಿನವೇ ಸಿನಿಮಾ ಮುಗಿದ ಮೇಲೆ ನಾನು ಎದ್ದು ನಿಂತು, “ಸದರಿ ಚಿತ್ರದ ಬಗ್ಗೆ ನನ್ನ ಅಭಿಪ್ರಾಯವನ್ನು ಮಂಡಿಸಬಯಸುತ್ತೇನೆ” ಎಂದೆ. ಆಕೆ ಸ್ಟೂಲಿನಿಂದ ಬೀಳುವಂತೆ ನಕ್ಕು, “ಬಂತು ನೋಡ್ರಿ ಸರ್ಕಾರ!” ಎಂದಳು. ಅಂದಿನಿಂದ ಇಂದಿನವರೆಗೆ ನಾನು ಆಕೆಗೆ ಸರ್ಕಾರ. ಬಸ್ ನಿಲ್ದಾಣದಲ್ಲಿ ಮಿರ್ಚಿ ಮಂಡಕ್ಕಿ ತಿನ್ನುವಾಗಲೂ, “ಸರ್ಕಾರ, ಇನ್ನೊಂದು ಮಿರ್ಚಿ ಮಂಜೂರಾತಿ ಕೊಡ್ರಿ” ಎನ್ನುತ್ತಾಳೆ. ಮನೆಯಲ್ಲಿ ಮತ್ತು ಅಂಗಡಿಯಲ್ಲಿ ನನ್ನನ್ನು ಗೇಲಿ ಮಾಡುವವರು ಯಾರೂ ಇರಲಿಲ್ಲ. ಅದರ ಕೊರತೆ ನನಗೆ ಇತ್ತೆಂಬುದೂ ಆವರೆಗೆ ಗೊತ್ತಿರಲಿಲ್ಲ.

ನೋಡುತ್ತ ನೋಡುತ್ತ ನಾವೂ ಒಂದು ಸಿನಿಮಾ ತೆಗೆಯಬೇಕೆಂಬ ಠರಾವು ಆಯಿತು. ಕ್ಯಾಮೆರಾ ಸ್ಟುಡಿಯೋದ ಹಿರಿಯರದು, ಕತ್ತರಿ ಕೆಲಸ ಗೆಳತಿಯದು, ಅನುಮತಿ ಮತ್ತು ಪತ್ರವ್ಯವಹಾರ ನನ್ನದು. ನನ್ನನ್ನು ಕೂಟದ ಕಾರ್ಯದರ್ಶಿಯೆಂದು ಘೋಷಿಸಲಾಯಿತು. ಆದರೆ ಗೆಳತಿಯ ಅಣ್ಣ ಒಂದು ಷರತ್ತು ಹಾಕಿದ. ಭಾನುವಾರ ಗಿರಣಿಗೆ ರಜೆಯಿಲ್ಲ. ಆಕೆ ಮಸ್ಕಿಗೆ ಬರುವುದು ಅವನಿಗೆ ಮೊದಲಿನಿಂದಲೂ ಸರಿಬಂದಿರಲಿಲ್ಲ. ಅವನ ಮಾತನ್ನು ಆಕೆ ಅವನದೇ ದನಿಯಲ್ಲಿ ನಮಗೆ ಒಪ್ಪಿಸಿದಳು:

“ಒಂದ ಸಲ ದೊಡ್ಡೂರಾಗ ನಿನ್ನ ಸಿನಿಮಾ ಹಾಕ್ಲಿ. ಆಮ್ಯಾಗ ನಾನ ಬೈಕ್ ಮ್ಯಾಲ ಮಸ್ಕಿಗೆ ಬಿಟ್ಟು ಬರ್ತೀನಿ. ಹಾಕ್ಲಿಲ್ಲಂದ್ರ ಬಂದ್ ಮಾಡು, ಸುಮ್ಕ ಬಿಲ್ ಬರಕೋಂತ ಕುಂದ್ರು.”

“ನೀ ಏನಂದಿ?” ಎಂದು ನಾನು ಕೇಳಿದೆ.

“ಕಬೂಲ್ ಅಂದೆ. ಮತ್ತೇನನ್ಲಿ, ಮನಿಯಾಗಿನ ಅನ್ನ ಅವನ ಗಿರಣಿದು ಐತಿ.”

ಹೀಗೆ ನಮ್ಮ ಸಿನಿಮಾ ಶುರುವಾಗುವ ಮೊದಲೇ ಆಕೆಯ ಭಾನುವಾರಗಳೆಲ್ಲ ಅದರ ಮೇಲೆ ನಿಂತವು.

ಯಾರ ಬಗ್ಗೆ ತೆಗೆಯುವುದೆಂಬ ಪ್ರಶ್ನೆಗೆ ಉತ್ತರ ನನ್ನ ಅಂಗಡಿಗೇ ನಡೆದುಬಂತು. ಗುರುಗುಂಟಾದ ಒಬ್ಬ ಹೆಣ್ಣುಮಗಳು, ವಯಸ್ಸು ಅರವತ್ತರ ಆಚೀಚೆ, ಸತ್ತ ಕುರಿಗಳ ಪರಿಹಾರಕ್ಕಾಗಿ ಅರ್ಜಿ ಬರೆಸಲು ಬಂದಿದ್ದರು. ನೆಲ್ಲು ಕೊಯ್ದ ಮೇಲೆ ತಾವು ಹಿಂಡು ಹೊಡೆದುಕೊಂಡು ಕಾಲುವೆಯ ಕಡೆಗೆ, ಜವಳಗೇರಾದ ತನಕ ಹೋಗುವುದಾಗಿಯೂ, ಅಲ್ಲಿನ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿಯಿಡೀ ಕುರಿ ತರುಬಿ ನಿಲ್ಲಿಸುವುದಾಗಿಯೂ, ಗಂಡ ತೀರಿಕೊಂಡ ಮೇಲೆ ಹಿಂಡನ್ನು ತಾವೇ ನಡೆಸುತ್ತಿರುವುದಾಗಿಯೂ ಹೇಳಿದರು. ನನಗೆ ಅರ್ಜಿ ಮರೆತೇ ಹೋಯಿತು. ಸಿನಿಮಾದ ವಿಚಾರ ತಿಳಿಸಿದಾಗ ಅವರು ಕೈಯಲ್ಲಿದ್ದ ಕೋಲನ್ನು ನನ್ನ ಪ್ರಿಂಟರಿನ ಮೇಜಿಗೆ ಒರಗಿಸಿದರು.

“ಹಿಡೀರಿ, ನಾ ಬ್ಯಾಡನ್ನಾಕಿ ಅಲ್ಲ. ಆದ್ರ ಮೊದಲ ನನಗ ತೋರಿಸ್ಬೇಕು ನೋಡವಾ. ಮಂದಿ ಬಂದು ‘ನಿನ್ನ ನೋಡಿದ್ವಿ’ ಅಂತ ನನಗ ಹೇಳಬಾರ್ದು. ನಾನ ಅವರಿಗೆ ಹೇಳ್ಬೇಕು.”

“ಅದು ನಮ್ಮ ಪದ್ಧತಿನ ಐತ್ರಿ” ಎಂದೆ. ನಿಜವಾಗಿಯೂ ಇತ್ತು. ಈ ಪದ್ಧತಿಯನ್ನು ಕುರಿತು ಇಲ್ಲಿ ನಾಲ್ಕು ಮಾತು ಹೇಳದಿದ್ದರೆ ಮುಂದಿನದು ತಮಗೆ ತಿಳಿಯಲಾರದು. ಸ್ಟುಡಿಯೋದ ಹಿರಿಯರು ಮದುವೆಯ ವಿಡಿಯೋ ಮಾಡಿದರೆ ಅದನ್ನು ಹಾಗೆಯೇ ಕೊಟ್ಟು ಬರುವವರಲ್ಲ. ಮದುವೆ ಮನೆಗೆ ಹೋಗಿ, ಎಲ್ಲರನ್ನೂ ಕೂರಿಸಿ, ಪೂರ್ತಿ ತೋರಿಸುತ್ತಾರೆ. ‘ನಮ್ಮ ಸೋದರಮಾವ ಎಲ್ಲಿ’, ‘ನನ್ನ ತೆಲಿ ಮ್ಯಾಲಿನ ಸೆರಗು ಜಾರೈತಿ, ಇದನ್ನ ತಗೀರಿ’, ‘ಅವರು ಊಟಾ ಬಿಟ್ಟು ಎದ್ದು ಹೋಗಿದ್ದನ್ನ ಯಾಕ ಹಾಕೀರಿ’ ಎಂಬ ಎಲ್ಲ ತಕರಾರುಗಳನ್ನು ಕೇಳಿಕೊಂಡು, ಹಿಂದಕ್ಕೆ ಬಂದು ತಿದ್ದಿ, ಆಮೇಲೆ ಕೊಡುತ್ತಾರೆ. ಅದಕ್ಕೆ ಅವರು ‘ಮನಿ ಆಟ’ ಎನ್ನುತ್ತಾರೆ. ಮನಿ ಆಟ ಆಗದೆ ಒಂದು ವಿಡಿಯೋವೂ ಅವರ ಸ್ಟುಡಿಯೋದಿಂದ ಹೊರಗೆ ಹೋಗಿಲ್ಲ. ನಮ್ಮ ಕೂಟದ ಸಿನಿಮಾಕ್ಕೂ ಇದೇ ಪದ್ಧತಿ ಎಂದು ಅವರು ಹೇಳಿದಾಗ ಯಾರಿಗೂ ವಿಶೇಷ ಅನ್ನಿಸಲಿಲ್ಲ. ಯಾರ ಮುಖ ಇದೆಯೋ ಅವರು ಮೊದಲು ನೋಡಬೇಕು ಎಂಬುದರಲ್ಲಿ ವಿಶೇಷವೇನಿದೆ?

ಆ ಸುಗ್ಗಿಯ ನಂತರ ನಾವು ಭಾನುವಾರಗಳನ್ನು ಹಿಂಡಿನ ಹಿಂದೆಯೇ ಕಳೆದೆವು. ಒಣಭೂಮಿಯ ಜನ ನೀರಿನ ಭೂಮಿಗೆ ಇಳಿಯುವಾಗ ಕಾಲಿನ ಕೆಳಗಿನ ಮಣ್ಣಿನ ಬಣ್ಣ ಬದಲಾಗುವುದನ್ನು ಕ್ಯಾಮೆರಾ ಹಿಡಿಯಿತು. ಟ್ರ್ಯಾಕ್ಟರು ಹಾರ್ನ್ ಹೊಡೆದರೆ ಹಿಂಡು ಎರಡಾಗಿ ಸೀಳಿ ಮತ್ತೆ ಕೂಡಿಕೊಳ್ಳುವುದನ್ನು ಹಿಡಿಯಿತು. ಒಂದು ನಡುಮಧ್ಯಾಹ್ನ, ಆ ತಾಯಿ ಬದುವಿನ ಮೇಲೆ ಕೋಲಿಗೆ ಗಲ್ಲ ಆನಿಸಿ ಕುಳಿತಲ್ಲೇ ನಿದ್ರೆ ಹೋಗಿದ್ದರು. ಕೊಯ್ದ ಗದ್ದೆಯ ಬಿಸಿಲು ಕೆಳಗಿನಿಂದ ಅವರ ಮುಖಕ್ಕೆ ಬೀಳುತ್ತಿತ್ತು. ಒಂದು ಕುರಿಮರಿ ಸೆರಗಿನ ತುದಿಯನ್ನು ಮೂಸುತ್ತಿತ್ತು. ಹಿರಿಯರು ಉಸಿರು ಬಿಗಿಹಿಡಿದು ಅದನ್ನು ಚಿತ್ರಿಸಿದರು. ಗೆಳತಿ ಅದನ್ನು ಸಿನಿಮಾದ ನಟ್ಟನಡುವೆ ಕೂರಿಸಿದಳು. ಅಂಥದ್ದೊಂದು ದೃಶ್ಯ ನಮ್ಮ ಕೈಯಿಂದ ಬಂದಿದೆಯೆಂದು ನಂಬಲು ನಮಗೇ ಕಷ್ಟವಾಯಿತು.

ಮನಿ ಆಟ ನಡೆದದ್ದು ಜವಳಗೇರಾದಲ್ಲಿ, ಊರ ಹೊರಗಿನ ಕಣದಲ್ಲಿ. ಹಿಂಡು ಆಗ ಅಲ್ಲಿಯೇ ಬೀಡುಬಿಟ್ಟಿತ್ತು. ಎರಡು ಟ್ರ್ಯಾಕ್ಟರುಗಳ ನಡುವೆ ನಮ್ಮ ಜಲಪಾತದ ಪರದೆಯನ್ನು ತಿರುಗಿಸಿ ಕಟ್ಟಿದೆವು. ಆದರೆ ಅವಸರಪಟ್ಟು ಹೊತ್ತು ಮುಳುಗುವ ಮೊದಲೇ ಆರಂಭಿಸಿದ್ದರಿಂದ, ಹಿಂದಿನ ಬೆಳಕಿಗೆ ಜಲಪಾತವೂ ಮೂಡಿಕೊಂಡಿತು. ಕುರಿಗಳು ಜಲಪಾತದ ಒಳಗೆ ನಡೆದುಹೋಗತೊಡಗಿದವು.

“ಏ ಯವ್ವಾ, ಇದ್ಯಾವ ಹೊಳಿ ಬಂತ ಇಲ್ಲಿ?” ಎಂದು ಆ ತಾಯಿ ಕೂಗಿದರು. “ನನ್ನ ಕುರಿ ಮುಣಗ್ಯಾವಲ್ಲೋ!”

ಕಣವೆಲ್ಲ ನಕ್ಕಿತು. ನಾಟಿಯ ಹೆಣ್ಣಾಳುಗಳು, ಬೇಸಾಯಕ್ಕೆಂದು ಬಂದು ಕಾಲುವೆ ಬದಿಯ ಕ್ಯಾಂಪಿನಲ್ಲಿ ನೆಲೆಸಿದ ತೆಲುಗಿನವರು, ಟ್ರ್ಯಾಕ್ಟರಿನವರು, ಮಕ್ಕಳು ಎಲ್ಲ ಸೇರಿ ಒಂದು ಸಣ್ಣ ಸಂತೆಯಷ್ಟು ಜನ. ಕತ್ತಲಾದಂತೆ ಜಲಪಾತ ಮಾಯವಾಯಿತು. ತಮ್ಮ ಮುಖ ಅಷ್ಟು ದೊಡ್ಡದಾಗಿ ಕಂಡಾಗ ಆ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಿದ್ರೆಯ ದೃಶ್ಯ ಬಂದಾಗ ಮಾತ್ರ ಎದ್ದು ನಿಂತರು.

“ಇದನ್ನ ತಗೀರಿ.”

ಗೆಳತಿ ಪ್ರೊಜೆಕ್ಟರಿನ ಬಳಿಯಿಂದ ಓಡಿಬಂದಳು. “ಯಾಕಬೇ ಆಯಿ? ಎಷ್ಟ ಚಂದ ಕಾಣಾಕತ್ತಿ ನೋಡಲ್ಲೆ!”

“ಚಂದ ಕಟಗೊಂಡು ಏನ್ ಮಾಡ್ಲಿ? ಕುರಿ ಕಾಯಾಕಿ ಮಲಗ್ಯಾಳ ಅಂತ ಹೊಲದ ಸಾವ್ಕಾರ ನೋಡಿದ್ರ ಮುಂದಿನ ವರ್ಷ ಕರೀತಾನನು? ಬಾಜೂದವರ ನೆಲ್ಲಿಗೆ ಯಾವನ ದನಾ ಬಾಯಿ ಹಾಕಿದ್ರೂ ನನ್ನ ಕುರಿ ಅಂತಾರ.”

“ಸಾವ್ಕಾರ ಎಲ್ಲಿ ಸಿನಿಮಾ ನೋಡ್ತಾನ ಬಿಡಾ.”

“ನೀ ತೋರಿಸಾಕ ಮಾಡೀಯೋ, ಮುಚ್ಚಿಡಾಕ ಮಾಡೀಯೋ?”

ನಮ್ಮ ಹಿರಿಯರು ಪೆನ್ನು ತೆಗೆದು, ಮದುವೆ ಮನೆಯಲ್ಲಿ ಬರೆದುಕೊಳ್ಳುವಂತೆ, ‘ನಿದ್ದಿ ತಗೀಬೇಕು’ ಎಂದು ಅಂಗೈ ಮೇಲೆ ಬರೆದುಕೊಂಡರು. ಆ ತಾಯಿ ಮತ್ತೆ, “ನಮ್ಮ ನಾಯಿ ಎಲ್ಲಿ? ಒಂದ ಕಡೆಯರ ಹಾಕೀರನು ಅದನ್ನ? ಹಗಲೆಲ್ಲ ದುಡಿಯೋದು ಅದು, ಹೆಸರು ನಿಮ್ಮ ಮರೀದು” ಎಂದರು. ಅದನ್ನೂ ಬರೆದುಕೊಳ್ಳಲಾಯಿತು. ಮರುವಾರ ನಾಯಿಯನ್ನು ಚಿತ್ರೀಕರಿಸಲು ಹೋದಾಗ ಅದು ಕ್ಯಾಮೆರಾದ ಕಡೆಗೆ ಬೆನ್ನು ತಿರುಗಿಸಿ ಕುಳಿತು ನಮ್ಮ ಒಂದು ಭಾನುವಾರವನ್ನು ಪೂರ್ತಿ ತಿಂದಿತು.

ಗೆಳತಿ ದೃಶ್ಯವನ್ನು ತೆಗೆದಳು. ಆದರೆ ಅಳಿಸಲಿಲ್ಲ. ಬೇರೆ ಕಡೆ ಎತ್ತಿಟ್ಟು, ಬಹಳ ದಿನ ನಮ್ಮಿಬ್ಬರ ಮೇಲೂ ಮುನಿಸಿಕೊಂಡಿದ್ದಳು. “ನನ್ನ ಸಿನಿಮಾದ ಜೀವಾನ ತಗದ್ರಿ” ಎನ್ನುವಳು. ಆಕೆಯ ಮಾತು ತಪ್ಪೆಂದು ಹೇಳುವ ಧೈರ್ಯ ನನಗಿರಲಿಲ್ಲ. ನನಗೂ ಆ ದೃಶ್ಯ ಕನಸಿನಲ್ಲಿ ಬರುತ್ತಿತ್ತು.

ಅನಂತರ, ಒಂದು ದೊಡ್ಡ ನಗರದಲ್ಲಿ ಹವ್ಯಾಸಿಗಳ ಚಿತ್ರೋತ್ಸವ ನಡೆಯುವುದೆಂದು ತಿಳಿದು ಸಿನಿಮಾವನ್ನು ಕಳುಹಿಸಿದೆವು. ಕೆಲವು ವಾರಗಳಲ್ಲಿ ಉತ್ತರ ಬಂತು. ಚಿತ್ರವು ಸ್ಪರ್ಧೆಗೆ ಆಯ್ಕೆಯಾಗಿದೆ. ಗೆಳತಿ ಗಿರಣಿಯಿಂದಲೇ ಫೋನು ಮಾಡಿ ಕಿರುಚಿದಳು. ಹಿಂದೆ ಯಂತ್ರ ಓಡುತ್ತಿತ್ತು, ಆದರೂ ಆಕೆಯ ದನಿಯೇ ದೊಡ್ಡದಾಗಿತ್ತು. “ಸರ್ಕಾರ! ಹಾಕಾಕತ್ತಾರ! ದೊಡ್ಡೂರಾಗ ಹಾಕಾಕತ್ತಾರ! ಅಣ್ಣಗ ಹೇಳಿದೆ, ಮೀಸಿ ತಿರುವಿಕೋಂತ ಸುಮ್ಕ ನಿಂತಾನ!”

ಪತ್ರದ ಜೊತೆಗೆ ಒಂದು ಘೋಷಣೆ ಇತ್ತು. ಚಿತ್ರತಂಡದ ಪರವಾಗಿ ಕಾರ್ಯದರ್ಶಿಯು ಸಹಿ ಮಾಡಿ ಕಳುಹಿಸತಕ್ಕದ್ದು. ‘ಈ ಚಿತ್ರವು ಇದುವರೆಗೆ ಎಲ್ಲಿಯೂ ಯಾವುದೇ ರೀತಿಯಲ್ಲಿ ಸಾರ್ವಜನಿಕವಾಗಿ ಪ್ರದರ್ಶಿತವಾಗಿಲ್ಲವೆಂದೂ, ಇದರ ಮೊದಲ ಪ್ರದರ್ಶನವು ಸದರಿ ಉತ್ಸವದಲ್ಲಿಯೇ ಆಗತಕ್ಕದ್ದೆಂದೂ ಪ್ರಮಾಣೀಕರಿಸುತ್ತೇನೆ.’ ಬೇರೆ ಯಾರಾದರೂ ಆಗಿದ್ದರೆ ಸಿನಿಮಾವನ್ನು ಬೀಗ ಹಾಕಿ ಇಟ್ಟಿರುತ್ತಿದ್ದರು. ಕಳುಹಿಸುವ ಮೊದಲೇ ಒಂದು ಕಣದ ತುಂಬ ಜನರನ್ನು ಕರೆದು ತೋರಿಸಿ, ಅವರ ತಕರಾರಿನಂತೆ ತಿದ್ದಿದ ಮಂದಿ ನಾವು ಮಾತ್ರ ಇರಬೇಕು.

ಅಷ್ಟು ವರ್ಷ ಇತರರ ಪ್ರಮಾಣಗಳನ್ನು ಟೈಪು ಮಾಡಿದ ನಾನು, ನನ್ನದೇ ಸಹಿಗೆಂದು ಬಿಟ್ಟ ಆ ಗೆರೆಯ ಮುಂದೆ ಮೊದಲ ಬಾರಿಗೆ ಕುಳಿತೆ. ಮರು ಭಾನುವಾರ ಮಸ್ಕಿಯಲ್ಲಿ ಕಾಗದವನ್ನು ಇಬ್ಬರ ಮುಂದೆಯೂ ಇಟ್ಟೆ.

ಹಿರಿಯರು ಓದಿ, ಕನ್ನಡಕ ತೆಗೆದು, “ಇದಕ್ಕ ಸೈನ್ ಮಾಡಾಕ ಬರಂಗಿಲ್ಲ” ಎಂದರು.

ಗೆಳತಿ ಸಿಡಿದಳು. “ಯಾಕ ಬರಂಗಿಲ್ರಿ? ಅದೇನು ಟಾಕೀಸೇನ್ರಿ? ಕಣ! ಎರಡು ಟ್ರ್ಯಾಕ್ಟರು, ಒಂದು ನಿಮ್ಮ ಹಾಳು ಜಲಪಾತ. ಅದನ್ನ ಪ್ರದರ್ಶನ ಅಂತಾರನು? ಸರ್ಕಾರ, ನೀನಾರ ಹೇಳು. ನನ್ನ ಹಕೀಕತ್ತು ನಿನಗ ಗೊತ್ತೈತಿಲ್ಲ. ಇದು ಹೋತಂದ್ರ ನಾ ಹೋದೆ.”

ನನಗೆ ಗೊತ್ತಿತ್ತು. ಒಂದು ಕಡೆ ನನ್ನನ್ನು ಸರ್ಕಾರವೆಂದು ಕರೆಯುವ ಏಕೈಕ ಜೀವ. ಇನ್ನೊಂದು ಕಡೆ, ಆ ಸಂಜೆ ಕಣದಲ್ಲಿ ಕುಳಿತು ನೋಡಿದವರು ಯಾರೂ ಇರಲೇ ಇಲ್ಲವೆಂದು ನನ್ನ ಕೈಯಿಂದ ಬರೆದುಕೊಡುವುದು. ಕೊನೆಗೆ ನಾನು ಕಚೇರಿಗಳಲ್ಲಿ ಮಾಡುವಂತೆ, “ಮೇಲಿನವರಲ್ಲಿ ಸ್ಪಷ್ಟೀಕರಣ ಕೇಳೋಣು” ಎಂದೆ. ಉತ್ಸವದ ಕಚೇರಿಗೆ ಫೋನು ಹಚ್ಚಿ, ಮೂವರೂ ಕೇಳುವಂತೆ ಸ್ಪೀಕರಿಗೆ ಹಾಕಿ, ಸ್ಟೂಲಿನ ಮೇಲಿಟ್ಟೆ.

ಮಾತನಾಡಿದವರು ಬಹಳ ಸೌಜನ್ಯದ ಮನುಷ್ಯ. ನಾನು ಜವಳಗೇರಾದ ಸಂಗತಿಯನ್ನು ಆದ್ಯಂತವಾಗಿ ನಿವೇದಿಸಿದೆ. ಅವರು ನಕ್ಕರು.

“ಅಯ್ಯೋ ಮೇಡಂ, ಇಷ್ಟೇನಾ! ಊರಲ್ಲಿ ಬಟ್ಟೆ ಕಟ್ಟಿ ತೋರಿಸಿದ್ದೆಲ್ಲ ಸ್ಕ್ರೀನಿಂಗ್ ಆಗಲ್ಲ. ಅವರೇನು ಆಡಿಯೆನ್ಸಾ? ಕುರಿ ಕಾಯೋರು, ಕೂಲಿಯವರು. ಅವರನ್ನ ಯಾರು ಲೆಕ್ಕಕ್ಕೆ ತಗೋತಾರೆ? ನೀವು ಆರಾಮಾಗಿ ಸೈನ್ ಮಾಡಿ ಕಳಿಸಿ.”

ನಮಗೆ ಬೇಕಾದ ಉತ್ತರ ಅದೇ ಆಗಿತ್ತು. ಇನ್ನು ತೊಡಕೇ ಇರಲಿಲ್ಲ. ನಾನು ಗೆಳತಿಯ ಮುಖ ನೋಡಿದೆ, ಆಕೆ ನಗುವಳೆಂದುಕೊಂಡಿದ್ದೆ. ಆಕೆ ಫೋನಿನ ಕಡೆಗೆ ಬಾಗಿದಳು.

“ಸರ್, ಒಂದು ಮಾತ್ರಿ. ಆ ಸಿನಿಮಾದಾಗ ಇರಾಕಿ ಯಾರ್ರಿ?”

“ಅಂದ್ರೆ? ಆ ಅಜ್ಜಿ...”

“ಆಕಿ ಕುರಿ ಕಾಯಾಕಿನ ಅಲ್ರಿ? ಪರದೆ ಮ್ಯಾಲ ಇದ್ರ ನಿಮಗ ಪಸಂದ ಆಗ್ತಾಳ. ಪರದೆ ಮುಂದ ಕುಂತ್ರ ಲೆಕ್ಕಕ್ಕಿಲ್ಲನ್ರಿ?”

“ಹಾಗಲ್ಲಮ್ಮ, ನಿಯಮ ಇರುತ್ತಲ್ಲ...”

“ನಿಯಮ ನಮಗೂ ಐತ್ರಿ. ಆಕಿಗೆ ಮೊದಲ ತೋರಿಸ್ತೀವಿ ಅಂದಿದ್ವಿ, ತೋರಿಸೀವಿ. ತೋರಿಸಿಲ್ಲಂತ ಬರಕೊಡಂಗಿಲ್ಲ.”

ಕರೆಯನ್ನು ಆಕೆಯೇ ಕಡಿದುಹಾಕಿದಳು. ಆಮೇಲೆ ಸ್ಟೂಲಿನ ಮೇಲೆ ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಹಿರಿಯರು ಕೆಳಗೆ ಹೋಗಿ ಚಹಾ ತಂದರು. ಅದನ್ನು ಕುಡಿದು ಮುಗಿಸಿ ಆಕೆ, “ಟೈಪ್ ಮಾಡು ಸರ್ಕಾರ” ಎಂದಳು. “ನಿನ್ನ ಭಾಷಾದಾಗನ ಮಾಡು. ಭಾರಿ ಇರ್ಬೇಕು.”

ಮಾಡಿದೆ. ಆ ಪತ್ರದ ಒಕ್ಕಣೆಯನ್ನು ತಮ್ಮ ಅವಗಾಹನೆಗಾಗಿ ಇಲ್ಲಿ ಕೊಡುತ್ತಿದ್ದೇನೆ:

‘ಮಾನ್ಯರೇ, ತಾವು ಕಳುಹಿಸಿದ ಘೋಷಣೆಗೆ ಸಹಿ ಮಾಡಲು ಸಾಧ್ಯವಿಲ್ಲವೆಂದು ತಿಳಿಸಲಾಗಿದೆ. ಸದರಿ ಚಿತ್ರದ ಮೊದಲ ಪ್ರದರ್ಶನವು ಜವಳಗೇರಾ ಗ್ರಾಮದ ಕಣದಲ್ಲಿ ಸಾರ್ವಜನಿಕರ ಸಮಕ್ಷಮ ವಿಧಿವತ್ತಾಗಿ ನೆರವೇರಿದ್ದು, ಪ್ರೇಕ್ಷಕರು ಎತ್ತಿದ ಆಕ್ಷೇಪಣೆಗಳನ್ನು ಪರಿಗಣಿಸಿ ಚಿತ್ರವನ್ನು ತಿದ್ದಲಾಗಿರುತ್ತದೆ. ತಮ್ಮಲ್ಲಿ ಆಗುವುದಾದರೆ ಅದು ನಂತರದ ಪ್ರದರ್ಶನವಾಗಿರುತ್ತದೆ. ಇದು ಒಪ್ಪಿಗೆಯಾಗದಿದ್ದಲ್ಲಿ ಚಿತ್ರವನ್ನು ಕೈಬಿಡಬಹುದು. ಇತಿ.’

ಕೆಳಗೆ ಸಹಿ ಮಾಡಿದೆ. ಅವರಿಂದ ಯಾವ ಉತ್ತರವೂ ಬರಲಿಲ್ಲ. ಪ್ರಕಟವಾದ ಚಿತ್ರಗಳ ಸಾಲಿನಲ್ಲಿ ನಮ್ಮದು ಇರಲಿಲ್ಲ.

ಅಣ್ಣ ಮಾತಿಗೆ ತಪ್ಪುವವನಲ್ಲ. ಮುಂದಿನ ಭಾನುವಾರ ಆಕೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಮಸ್ಕಿಯ ಬಸ್ ನಿಲ್ದಾಣದಲ್ಲಿ ಸಿಂಧನೂರಿನ ಬಸ್ಸು ಬಂದು ನಿಂತಾಗಲೆಲ್ಲ ನಾನು ಇಳಿಯುವವರ ಮುಖ ನೋಡುತ್ತ ಮಂಡಕ್ಕಿಯ ಪೊಟ್ಟಣ ಹಿಡಿದು ನಿಂತಿರುತ್ತಿದ್ದೆ. ಗೇಲಿ ಮಾಡುವವರಿಲ್ಲದೆ ನನ್ನ ಭಾಷೆ ನನಗೇ ಭಾರವಾಗತೊಡಗಿತು.

ಆಗ ನನಗೆ ಸಿಟ್ಟು ಬಂತು. ನಾನು ಸಿಟ್ಟಿಗೇಳುವವಳಲ್ಲ, ಕಚೇರಿಯ ಎದುರು ಕುಳಿತವರಿಗೆ ಅದು ಒಗ್ಗುವುದಿಲ್ಲ. ಆದರೂ ಬಂತು. ಹಿರಿಯರ ಬಳಿ ಹೋಗಿ, “ನಾವ ಒಂದು ಉತ್ಸವ ಮಾಡೋಣ್ರಿ” ಎಂದೆ. “ಮಸ್ಕಿಯಾಗ. ಒಂದ ನಿಯಮ ಇರ್ಲಿ. ಮೊದಲ ತೋರಿಸಿರ್ಬೇಕು. ಯಾರನ್ನ ಚಿತ್ರ ತಗದಾರೋ ಅವರಿಗೆ ತೋರಿಸಿದ ಸಿನಿಮಾ ಅಷ್ಟ ತಗೋತೀವಿ. ಅವರ ಪೈಕಿ ಒಬ್ಬರು ಬಂದು, ನಾ ನೋಡೀನಿ ಅಂತ ಹೇಳ್ಬೇಕು.”

ಹಿರಿಯರು, “ಪ್ರಕಟಣೆಗೆ ಏನಂತ ಬರೀತೀರಿ?” ಎಂದರು.

“ಬರ್ರಿ ಅಂತ.”

ತಾವು ಮದುವೆ ವಿಡಿಯೋ ಮಾಡುವ ಕಲ್ಯಾಣ ಮಂಟಪದ ಊಟದ ಸಭಾಂಗಣವನ್ನು ಹಿರಿಯರು ಗೊತ್ತುಮಾಡಿದರು. ಸಿಂಧನೂರು, ಲಿಂಗಸುಗೂರು, ಆಚೆಯ ಹಳ್ಳಿಗಳಿಂದ ಫೋನಿನಲ್ಲಿ ತೆಗೆದ ಸಿನಿಮಾಗಳು ಬಂದವು. ಮಸ್ಕಿಯದೇ ಒಬ್ಬ ಕಾಲೇಜು ತರುಣ ತನ್ನ ತಾಯಿ ರೊಟ್ಟಿ ಬಡಿಯುವುದನ್ನು ಚಿತ್ರಿಸಿ ತಂದಿದ್ದ. “ನಿಮ್ಮವ್ವಗ ತೋರಿಸೀಯನಪ್ಪಾ?” ಎಂದು ಹಿರಿಯರು ಕೇಳಿದರೆ, “ನಮ್ಮವ್ವಗ ಏನ್ ತೋರಸೂದ್ರಿ, ಆಕಿ ಮನಿಯಾಗ ಅದಾಳ” ಎಂದ. “ಹಂಗಾದ್ರ ತೋರಿಸಿ ಬಾ, ಹೋಗು” ಎಂದು ಬಾಗಿಲಿಂದಲೇ ಹಿಂದಕ್ಕೆ ಕಳುಹಿಸಿದರು. ಆತ ಓಡಿಹೋಗಿ, ಸ್ವಲ್ಪ ಹೊತ್ತಿನಲ್ಲಿ ತಾಯಿಯನ್ನೇ ಕರೆದುಕೊಂಡು ಬಂದ. ಹಿಟ್ಟಿನ ಕೈಯಲ್ಲಿಯೇ ಬಂದ ಆಕೆ ಎಲ್ಲರ ಮುಂದೆ ನಿಂತು, “ನೋಡೀನ್ರಿ. ಒಂದು ರೊಟ್ಟಿ ಕರ್ರಗಾಗೈತಿ, ಇರ್ಲಿ” ಎಂದರು. ಚಪ್ಪಾಳೆ ಬಿತ್ತು.

ನಮ್ಮ ಸಿನಿಮಾ ಕೊನೆಯದಾಗಿತ್ತು. ಗುರುಗುಂಟಾದ ತಾಯಿ ಮುಂದಿನ ಸಾಲಿನಲ್ಲಿ ಕೋಲು ಹಿಡಿದು ಕುಳಿತಿದ್ದರು. ಆರಂಭಕ್ಕೆ ತುಸು ಮೊದಲು ಗೆಳತಿ ಬಂದಳು. ಕೇಳಿಯಲ್ಲ, ಹೇಳಿಯೂ ಅಲ್ಲ. ಬಿಲ್ಲು ಪುಸ್ತಕವನ್ನು ಮುಚ್ಚಿಟ್ಟು ಬಸ್ಸು ಹತ್ತಿ ಬಂದಿದ್ದಳು. ನನ್ನ ಪಕ್ಕದಲ್ಲಿ ಕುಳಿತು, “ಸರ್ಕಾರ, ಗಿರಣಿಯಾಗ ಭೂಕಂಪ ಆಗೈತಿ” ಎಂದಳಷ್ಟೆ. ದೀಪ ಆರಿತು. ಹಿಂಡು ನಡೆಯತೊಡಗಿತು. ಅಷ್ಟರಲ್ಲಿ ಪರದೆಯ ಮೇಲೆ, ಕುರಿಗಳ ನಡುವೆ, ಒಂದು ದೊಡ್ಡ ತಲೆಯ ನೆರಳು ಬಂದು ನಿಂತಿತು. ಅಣ್ಣ ಹಿಂದೆಯೇ ಬೈಕಿನಲ್ಲಿ ಬಂದಿದ್ದ. ಪ್ರೊಜೆಕ್ಟರಿನ ಎದುರು ನಿಂತು ತಂಗಿಯನ್ನು ಹುಡುಕುತ್ತಿದ್ದ. ಗೆಳತಿ ನನ್ನ ಕೈ ಹಿಡಿದುಕೊಂಡಳು.

ಅವನು ಯಾರೆಂದು ಗೊತ್ತಿಲ್ಲದ ಆ ತಾಯಿ ಕೋಲು ಎತ್ತಿದರು.

“ಏ ತಮ್ಮಾ! ನನ್ನ ಹಿಂಡಿನಾಗ ಯಾಕ ಹೊಕ್ಕೀದಿ? ಕುಂದ್ರಲೇ ಕೆಳಗ!”

ಸಭಾಂಗಣವೆಲ್ಲ, “ಕುಂದ್ರೋ, ಕುಂದ್ರೋ” ಎಂದು ಕೂಗಿತು. ಸಿಂಧನೂರಿನಲ್ಲಿ ಹತ್ತು ಜನರನ್ನು ನಿಲ್ಲಿಸಿ ಮಾತನಾಡುವ ಮನುಷ್ಯ, ಇದ್ದಲ್ಲಿಯೇ ನೆಲದ ಮೇಲೆ ಕುಳಿತ. ಎದುರಿಗೆ ಸಿನಿಮಾ ಇತ್ತು. ನೋಡಿದ. ಬೆನ್ನು ತಿರುಗಿಸಿ ಕೂರುವ ನಾಯಿಗೆ ಎಲ್ಲರೊಂದಿಗೆ ಅವನೂ ನಕ್ಕದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮುಗಿದ ಮೇಲೆ ಆ ತಾಯಿ ಎದ್ದು, “ನಾ ಇದನ್ನ ಜವಳಗೇರಾದಾಗ ಮೊದಲ ನೋಡೀನಿ. ಬರಾಬರಿ ಐತಿ. ಯಾರರ ಏನರ ಅಂದ್ರ ನನ್ನ ಕಡೆ ಕಳಸ್ರಿ” ಎಂದು ಹೇಳಿ ಕುಳಿತರು. ಅಷ್ಟೇ ಭಾಷಣ.

ಹೊರಗೆ ಅಣ್ಣ ಬೈಕಿಗೆ ಒರಗಿ ನಿಂತಿದ್ದ. ತಂಗಿಯನ್ನು ಬೈಯುವನೆಂದು ನಾವು ಕಾದೆವು. ಅವನು ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ ಕೇಳಿದ: “ಎಲ್ಲಾ ತೋರಿಸಿದ್ರಿ, ನಡು ಮಧ್ಯಾಹ್ನ ಆಕಿ ಮಲಗೋದು ತೋರಿಸ್ಲಿಲ್ಲಲ್ಲ? ಕುರಿಯೋರು ಮಲಗಿದಾಗನ ನಮ್ಮ ಮಂದಿ ನೆಲ್ಲು ಹೋಗೋದು.”

ಆ ತಾಯಿ ಕಣದಲ್ಲಿ ಅಂಜಿದ್ದು ಇದಕ್ಕೇ. ಗೆಳತಿ ನನ್ನ ಕಡೆ ನೋಡಿದಳು. ಅಷ್ಟು ದಿನಗಳ ಮುನಿಸು ಆ ಒಂದು ನೋಟದಲ್ಲಿ ಇಳಿದುಹೋಯಿತು. ಆಮೇಲೆ ಅಣ್ಣನ ಕಡೆ ತಿರುಗಿ, “ನೀ ಹೋಗು. ನಾ ಬಸ್ಸಿಗೆ ಬರ್ತೀನಿ. ಪರದೆ ಬಿಚ್ಚೋದೈತಿ” ಎಂದಳು. ಅವನು, “ಮುಂದಿನ ವಾರ ನೋಡ್ತೀನಿ ನಿನ್ನ” ಎಂದು ಬೈಕು ಒದ್ದು ಹೋದ.

ಮುಂದಿನ ವಾರ ಆಕೆ ಬಂದಳು. ಅದರ ಮುಂದಿನ ವಾರವೂ ಬಂದಳು. ಅವನು ಇನ್ನೂ ‘ನೋಡ್ತೀನಿ’ ಎನ್ನುತ್ತಿದ್ದಾನೆ. ಆಕೆ ಇನ್ನೂ ಬರುತ್ತಿದ್ದಾಳೆ. ಅವನು ಬೈಕಿನಲ್ಲಿ ತಂದು ಬಿಡುವುದಿಲ್ಲ, ಆಕೆ ಕೇಳುವುದೂ ಇಲ್ಲ. ಬಂದ ಮೊದಲ ಭಾನುವಾರ ಆಕೆ ಎತ್ತಿಟ್ಟಿದ್ದ ಆ ನಿದ್ರೆಯ ದೃಶ್ಯವನ್ನು ನಮಗೆ ಇನ್ನೊಮ್ಮೆ ತೋರಿಸಿದಳು. ಕೋಲಿಗೆ ಆನಿಸಿದ ಗಲ್ಲ, ಕೆಳಗಿನಿಂದ ಬರುವ ಬೆಳಕು, ಸೆರಗು ಮೂಸುವ ಮರಿ. ಆಮೇಲೆ ಆಕೆಯೇ ಅದನ್ನು ಅಳಿಸಿದಳು. ಅದು ಎಷ್ಟು ಚೆಂದವಿ‌ತ್ತೆಂದು ತಮಗೆ ನನ್ನ ಮಾತಿನ ಹೊರತು ಬೇರೆ ಸಾಕ್ಷಿಯಿಲ್ಲ.

ಆ ನಗರದ ಉತ್ಸವ ಈಗಲೂ ನಡೆಯುತ್ತದೆ, ನಡೆಯಲಿ. ನಮ್ಮದೂ ನಡೆಯುತ್ತದೆ. ಅಲ್ಲಿ ತಿರಸ್ಕೃತವಾದ ಚಿತ್ರವೆಂದು ನಮ್ಮದನ್ನು ಯಾರಾದರೂ ಪರಿಚಯಿಸಿದರೆ ನಾನು ಎದ್ದು ನಿಂತು, ಗೆಳತಿ ಎಷ್ಟೇ ನಕ್ಕರೂ ಸರಿಯೆ, ಸದರಿ ಹೇಳಿಕೆಯನ್ನು ಆಕ್ಷೇಪಿಸುತ್ತೇನೆ. ನಾವು ಸಹಿ ಮಾಡಲಿಲ್ಲ ಎಂಬುದು ಸರಿಯಾದ ಹೇಳಿಕೆ.

ಇದು ನಾನು ನನ್ನ ಪರವಾಗಿ ಬರೆದ ಮೊದಲ ಬರಹ. ದೀರ್ಘಗಳು ಬಿಟ್ಟಿರಬಹುದು, ಒತ್ತಕ್ಷರಗಳು ತಪ್ಪಿರಬಹುದು, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸದೆ ಹೋಗಿರಬಹುದು. ತಮ್ಮ ಕಣ್ಣಿಗೆ ಬಿದ್ದ ಪ್ರತಿಯೊಂದು ತಪ್ಪನ್ನೂ ಕೆಂಪು ಪೆನ್ನಿನಿಂದ ಗುರುತಿಸಿ ತಿದ್ದಿಕೊಡಬೇಕೆಂದು ಕೋರುತ್ತೇನೆ. ಮನಿ ಆಟದ ತಕರಾರುಗಳಂತೆ ಅಂಗೈ ಮೇಲೆ ಬರೆದುಕೊಳ್ಳುತ್ತೇನೆ. ಆದರೆ ಮೊದಲನೇ ಆಟ ಜವಳಗೇರಾದ ಕಣದಲ್ಲಿ ಆಯಿತೆಂಬ ಸಾಲನ್ನು ಮಾತ್ರ ದಯವಿಟ್ಟು ಹಾಗೆಯೇ ಬಿಡಿ. ಅದು ತಪ್ಪಲ್ಲ.